ಸೇನೆಗೆ ಸೇರದವರು ಸೇನಾ ಸಹಕಾರದ ಮೇಲೆ ಸಂಶೋಧನೆ ಮಾಡಬಹುದಾ?

ಪ್ರಶ್ನೆ: ನನಗೆ 26 ವರ್ಷ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ದೇಶಗಳ ನಡುವಿನ ಸೇನಾ ಸಹಕಾರದ ಬಗ್ಗೆ ಪಿಎಚ್.ಡಿ. ಮಾಡಿ, ಮುಂದೆ ಇದೇ ಕ್ಷೇತ್ರದಲ್ಲಿ ಪಾಠ, ಸಂಶೋಧನೆ ಅಂತ ಇರಬೇಕು ಎಂಬ ಆಸೆ. ಆದರೆ ಯಾರನ್ನು ಕೇಳಿದರೂ ಹೆದರಿಸುತ್ತಾರೆ. ‘ಸೇನೆಯ ಒಳಗಿನದೆಲ್ಲ ಗುಟ್ಟು, ಹೊರಗಿನವರಿಗೆ ಸಿಗೋದು ಪೇಪರ್ ಸುದ್ದಿ ಮಾತ್ರ’ ಅನ್ನುತ್ತಾರೆ ಒಬ್ಬರು. ‘ಐದು ವರ್ಷ ಕಳೆದು ಥೀಸಿಸ್ ಮುಗಿಯುವಷ್ಟರಲ್ಲಿ ಆ ಒಪ್ಪಂದವೇ ಇರುವುದಿಲ್ಲ’ ಅನ್ನುತ್ತಾರೆ ಇನ್ನೊಬ್ಬರು. ರಕ್ಷಣಾ ಇಲಾಖೆಯ ದುಡ್ಡು ತೆಗೆದುಕೊಂಡರೆ ಅವರ ತುತ್ತೂರಿ ಊದಬೇಕು, ತೆಗೆದುಕೊಳ್ಳದಿದ್ದರೆ ಸಂಶೋಧನೆಯೇ ನಡೆಯುವುದಿಲ್ಲ ಅಂತಲೂ ಕೇಳಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೆ ಕೆಲಸ ಸಿಗುತ್ತದಾ? ಇನ್ನೊಂದು ವಿಷಯ. ನನ್ನ ಅಣ್ಣ ಸೇನೆಯಲ್ಲಿ ಅಧಿಕಾರಿ. ನನ್ನ ಓದಿನಿಂದ ಅವನಿಗೆ ತೊಂದರೆ ಆಗಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೊರಗೆ ಒಂದೇ ಪ್ರಶ್ನೆ ಕಾಣುತ್ತದೆ, ಒಳಗೆ ನಾಲ್ಕೈದು ಭಯಗಳಿವೆ. ಗುಟ್ಟಿನ ಭಯ, ವಿಷಯ ಹಳಸಿಹೋಗುವ ಭಯ, ಯಾರದೋ ತುತ್ತೂರಿ ಆಗಿಬಿಡುವ ಭಯ, ಕೆಲಸದ ಭಯ. ಕೊನೆಗೆ ಅಣ್ಣನ ವಿಷಯ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದನ್ನೇ ಓದಿಕೊಂಡು, ಕಲಿಸಿಕೊಂಡು ಬಂದವಳು ನಾನು. ನನಗನ್ನಿಸುವುದು, ಜನ ನಿಮ್ಮನ್ನು ಹೆದರಿಸುತ್ತಿರುವ ಜಾಗವೇ ತಪ್ಪು. ಗುಟ್ಟು ಅವರು ಹೇಳುವಷ್ಟು ದೊಡ್ಡ ತೊಡಕಲ್ಲ. ಕೆಲಸದ ವಿಷಯ ಮಾತ್ರ ಅವರು ಹೇಳಿದ್ದಕ್ಕಿಂತ ಸ್ವಲ್ಪ ಕಷ್ಟವೇ ಇದೆ.

ಗುಟ್ಟಿನಿಂದಲೇ ಶುರು ಮಾಡೋಣ.

ಸೇನಾ ಸಹಕಾರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮುಚ್ಚಿದ ಕೋಣೆ, ಗೋಡೆಗೆ ನಕಾಶೆ, ತಗ್ಗಿದ ದನಿಯ ಮಾತು. ಅಂಥದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಯುದ್ಧ ಯೋಜನೆ, ಗುಪ್ತಚರ ಮಾಹಿತಿಯ ಹಂಚಿಕೆ, ಜಲಾಂತರ್ಗಾಮಿ ಎಲ್ಲಿದೆ ಅನ್ನುವ ವಿಷಯ ನಿಮಗೂ ಸಿಗುವುದಿಲ್ಲ, ನನಗೂ ಸಿಕ್ಕಿಲ್ಲ. ಆದರೆ ಎರಡು ದೇಶಗಳ ಸೇನೆಗಳು ಜೊತೆಯಾಗಿ ಕೆಲಸ ಮಾಡುವುದರಲ್ಲಿ ಇದು ಚಿಕ್ಕ ಪಾಲು. ಉಳಿದದ್ದು ಏನು ಗೊತ್ತಾ? ಡೀಸೆಲ್, ಬಿಡಿ ಭಾಗ, ರೇಡಿಯೋ ಆವರ್ತನ, ಬಿಲ್ ಯಾರು ಕಟ್ಟಬೇಕು ಅನ್ನುವ ಲೆಕ್ಕ. ಬೇರೆ ದೇಶದ ಸೈನಿಕ ನಮ್ಮ ನೆಲದಲ್ಲಿ ಅಪಘಾತ ಮಾಡಿದರೆ ಕೇಸು ಯಾವ ಕೋರ್ಟಿನಲ್ಲಿ ನಡೆಯಬೇಕು ಅನ್ನುವ ಜಗಳ. ಇವು ಯಾವುವೂ ಸಿನಿಮಾಕ್ಕೆ ಆಗುವ ವಿಷಯ ಅಲ್ಲ. ಅದಕ್ಕೇ ಇವನ್ನು ಯಾರೂ ಅಷ್ಟಾಗಿ ಬಚ್ಚಿಡುವುದಿಲ್ಲ, ಯಾರೂ ಅಷ್ಟಾಗಿ ಓದುವುದೂ ಇಲ್ಲ. ನಿಮ್ಮ ಥೀಸಿಸ್ ಇರುವುದು ಅಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. 2010ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ದೊಡ್ಡ ರಕ್ಷಣಾ ಒಪ್ಪಂದಗಳಿಗೆ ಸಹಿ ಹಾಕಿದವು. ಅದೇ ಸಮಯಕ್ಕೆ ಬ್ರಿಟನ್ ತನ್ನ ಹೊಸ ವಿಮಾನವಾಹಕ ನೌಕೆಗೆ ಕ್ಯಾಟಪಲ್ಟ್ ಹಾಕಿಸುವುದಾಗಿ ಹೇಳಿತ್ತು. ಕ್ಯಾಟಪಲ್ಟ್ ಅಂದರೆ ಹಡಗಿನ ಚಿಕ್ಕ ಅಂಗಳದಿಂದ ವಿಮಾನವನ್ನು ಎಳೆದು ಎಸೆಯುವ ಯಂತ್ರ. ಫ್ರಾನ್ಸ್ ಮತ್ತು ಅಮೆರಿಕದ ನೌಕಾ ವಿಮಾನಗಳು ಹಾರುವುದು ಹಾಗೆಯೇ. ಅದು ಇದ್ದರೆ ಅವರ ವಿಮಾನ ಇವರ ಹಡಗಿನಿಂದಲೂ ಹಾರಬಹುದು. ಆಮೇಲೆ ಖರ್ಚಿನ ಅಂದಾಜು ಏರುತ್ತಾ ಹೋಯಿತು. 2012ರ ಮೇ ತಿಂಗಳಲ್ಲಿ ಬ್ರಿಟನ್ ಕ್ಯಾಟಪಲ್ಟ್ ಬೇಡ ಅಂದು, ಚಿಕ್ಕ ಓಟದಲ್ಲೇ ಮೇಲೇಳುವ ಎಫ್-35ಬಿ ವಿಮಾನಕ್ಕೆ ವಾಪಸ್ ಹೋಯಿತು. ಒಪ್ಪಂದ ಹಾಗೇ ಇತ್ತು, ಎರಡೂ ದೇಶಗಳ ಸ್ನೇಹ ಹಾಗೇ ಇತ್ತು. ಹಡಗಿನ ಮೇಲಿನ ಒಂದು ಯಂತ್ರದ ಖರ್ಚು ಸಹಕಾರದ ಒಂದು ಬಾಗಿಲನ್ನು ಮುಚ್ಚಿತು. ಇದೆಲ್ಲವೂ ಬ್ರಿಟನ್ನಿನ ಸಂಸತ್ತಿನಲ್ಲಿ, ಲೆಕ್ಕಪರಿಶೋಧಕರ ವರದಿಗಳಲ್ಲಿ ಬಹಿರಂಗವಾಗಿ ಚರ್ಚೆಯಾದ ವಿಷಯ. ಕದ್ದು ಓದಬೇಕಾದ್ದು ಏನೂ ಇರಲಿಲ್ಲ.

ರೈಲು ಹಳಿಯದೂ ಇದೇ ಕಥೆ. ಎಸ್ಟೋನಿಯಾ, ಲ್ಯಾಟ್ವಿಯಾ, ಲಿಥುವೇನಿಯಾ 2004ರಿಂದ ನ್ಯಾಟೋ ಸದಸ್ಯರು, ಅಂದರೆ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಮೈತ್ರಿಕೂಟದವರು. ಆದರೆ ಅವರ ಹಳಿಯ ಅಗಲ ರಷ್ಯಾದ ಕಾಲದ 1,520 ಮಿ.ಮೀ. ಪಶ್ಚಿಮದ ಕಡೆಯದು 1,435 ಮಿ.ಮೀ. ಪೋಲೆಂಡಿನಿಂದ ಟ್ಯಾಂಕು ಹೊತ್ತು ಬಂದ ರೈಲು ನೇರವಾಗಿ ಆ ಹಳಿಗೆ ಇಳಿಯುವ ಹಾಗಿಲ್ಲ. ‘ನಿಮ್ಮ ನೆರವಿಗೆ ಬರುತ್ತೇವೆ’ ಅನ್ನುವ ಮಾತಿಗೂ ಟ್ಯಾಂಕು ಬಂದು ನಿಲ್ಲುವುದಕ್ಕೂ ನಡುವೆ ಈ 85 ಮಿ.ಮೀ. ಇದೆ. ಸೇತುವೆ ಎಷ್ಟು ಟನ್ ತಡೆಯುತ್ತದೆ, ಗಡಿಯಲ್ಲಿ ಸುಂಕದ ಕಾಗದ ಎಷ್ಟು ದಿನ ಹಿಡಿಯುತ್ತದೆ ಅನ್ನುವುದೂ ಇದೇ ಸಾಲಿಗೆ ಸೇರುತ್ತದೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಇದಕ್ಕೆಂದೇ ಒಂದು ಕಾರ್ಯಯೋಜನೆ ಮಾಡಿತು.

ಹಾಗಾದರೆ ಹೊರಗಿನವರಿಗೆ ಏನೇನು ಸಿಗುತ್ತದೆ? ವಿಶ್ವಸಂಸ್ಥೆಯ ಸನ್ನದಿನ 102ನೇ ವಿಧಿ ನೋಡಿ. ಸದಸ್ಯ ದೇಶಗಳು ಮಾಡಿಕೊಂಡ ಒಪ್ಪಂದಗಳನ್ನು ವಿಶ್ವಸಂಸ್ಥೆಯ ಕಚೇರಿಯಲ್ಲಿ ನೋಂದಾಯಿಸಬೇಕು, ಕಚೇರಿ ಅವನ್ನು ಪ್ರಕಟಿಸಬೇಕು. ನೋಂದಾಯಿಸದ ಒಪ್ಪಂದವನ್ನು ವಿಶ್ವಸಂಸ್ಥೆಯ ಯಾವ ಅಂಗದ ಮುಂದೆಯೂ ಎತ್ತುವ ಹಾಗಿಲ್ಲ. ಎಲ್ಲ ದೇಶಗಳೂ ಎಲ್ಲವನ್ನೂ ನೋಂದಾಯಿಸುವುದಿಲ್ಲ, ನಿಜ. ‘ತಿಳಿವಳಿಕೆ ಪತ್ರ’ ಅಂತ ಹೆಸರಿಟ್ಟು ಜಾರಿಕೊಳ್ಳುವುದೂ ಉಂಟು. ಆದರೂ ಅಲ್ಲಿರುವುದೇ ಒಬ್ಬರ ಆಯುಷ್ಯಕ್ಕೆ ಸಾಕು. ಬ್ರಾಂಡನ್ ಕಿನ್ ಎಂಬ ವಿದ್ವಾಂಸರು 1980ರಿಂದ 2010ರವರೆಗಿನ ರಕ್ಷಣಾ ಸಹಕಾರ ಒಪ್ಪಂದಗಳನ್ನು ಒಂದು ಕಡೆ ಸೇರಿಸಿದ್ದಾರೆ. ಸಾವಿರಕ್ಕೂ ಮೀರಿ ಸಿಕ್ಕಿವೆ. ‘ನಿನ್ನ ಮೇಲೆ ದಾಳಿಯಾದರೆ ನಾನು ಬರುತ್ತೇನೆ’ ಅನ್ನುವ ಹಳೆಯ ಮಾದರಿಯ ಮೈತ್ರಿಗಳು ಈಗ ಹೊಸದಾಗಿ ಅಷ್ಟಾಗಿ ಹುಟ್ಟುತ್ತಿಲ್ಲ. ತರಬೇತಿ, ಖರೀದಿ, ಸಂಶೋಧನೆ, ಸಮರಾಭ್ಯಾಸ ಅನ್ನುವ ಈ ಸಣ್ಣ ಒಪ್ಪಂದಗಳೇ ಜಾಸ್ತಿ ಆಗುತ್ತಿವೆ. ಅವರ ಕೆಲಸದಿಂದ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಯಿತು.

ಇದರ ಜೊತೆಗೆ ಸಂಸತ್ತಿನ ಸಮಿತಿಗಳ ವಿಚಾರಣೆ, ಬಜೆಟ್ ಪುಸ್ತಕಗಳು, ಲೆಕ್ಕಪರಿಶೋಧನೆ ಇವೆ. 1966ರಲ್ಲಿ ಶುರುವಾದ ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಶಸ್ತ್ರ ವ್ಯಾಪಾರದ ದತ್ತಾಂಶ 1950ರಿಂದ ಇದೆ, ಬಿಟ್ಟಿಯಾಗಿ ಸಿಗುತ್ತದೆ. (ಒಂದು ಎಚ್ಚರ. ಆ ಪಟ್ಟಿಯ ಅಂಕಿ ದುಡ್ಡಲ್ಲ. ಯಾವ ಆಯುಧಕ್ಕೆ ಎಷ್ಟು ಸೇನಾ ಸಾಮರ್ಥ್ಯ ಅಂತ ಅವರೇ ಮಾಡಿಕೊಂಡ ಅಳತೆ. ಅದನ್ನು ಡಾಲರ್ ಅಂದುಕೊಂಡು ಬರೆದ ಲೇಖನಗಳನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ.) ಹಳೆಯ ಕಾಲದ ವಿಷಯ ಆದರೆ ದಾಖಲೆಗಳೂ ತೆರೆಯುತ್ತವೆ. ಅಮೆರಿಕದಲ್ಲಿ 25 ವರ್ಷ ಆದ ಗೌಪ್ಯ ಕಡತಗಳು ವಿನಾಯಿತಿ ಇಲ್ಲದಿದ್ದರೆ ತಾವಾಗಿಯೇ ತೆರೆದುಕೊಳ್ಳುವ ನಿಯಮವಿದೆ. ಬ್ರಿಟನ್ 2013ರಿಂದ ತನ್ನ 30 ವರ್ಷದ ನಿಯಮವನ್ನು ಹಂತ ಹಂತವಾಗಿ 20ಕ್ಕೆ ಇಳಿಸಿಕೊಂಡಿತು.

ಬೇಜಾರಿನ ಕಾಗದ ಓದುವುದರಿಂದ ಏನು ಸಿಗುತ್ತದೆ ಅಂತ ಕೇಳಬಹುದು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಒಂದು ಕಥೆ ಹೇಳುತ್ತೇನೆ. ಯುದ್ಧ ಬಂದಾಗ ಮಿತ್ರ ದೇಶಗಳು ಕೊಟ್ಟ ಮಾತು ಉಳಿಸಿಕೊಳ್ಳುತ್ತವಾ? 1980ರಲ್ಲಿ ಆಲನ್ ಸಬ್ರೋಸ್ಕಿ ಎಣಿಸಿ ನೋಡಿದರು. ಸುಮಾರು 27 ಶೇಕಡಾ ಸಲ ಮಾತ್ರ ಅಂತ ಬಂತು. ‘ಮೈತ್ರಿ ಒಪ್ಪಂದ ಅಂದರೆ ಬರೀ ಕಾಗದ’ ಅನ್ನುವವರಿಗೆ ಹಬ್ಬ. 2000ದಲ್ಲಿ ಬ್ರೆಟ್ ಆ್ಯಶ್ಲಿ ಲೀಡ್ಸ್ ಮತ್ತು ಅವರ ಜೊತೆಗಾರರು ಮತ್ತೆ ಲೆಕ್ಕ ಹಾಕಿದರು. ಅವರು ಮಾಡಿದ್ದು ಇಷ್ಟೇ, ಒಪ್ಪಂದಗಳ ಒಕ್ಕಣೆಯನ್ನು ಕೂತು ಓದಿದರು. ಯಾರ ವಿರುದ್ಧ ಯುದ್ಧವಾದರೆ? ಯಾವ ಪ್ರದೇಶದಲ್ಲಿ? ದಾಳಿ ಮಾಡಿದ್ದು ಅವರೋ ಇವರೋ? ಕೊಟ್ಟ ಮಾತು ಯುದ್ಧಕ್ಕೆ ಬರುತ್ತೇನೆ ಅಂತಲೋ, ಬರೀ ತಟಸ್ಥ ಇರುತ್ತೇನೆ ಅಂತಲೋ? ಹೀಗೆ ಬಿಡಿಸಿ ನೋಡಿದರೆ, ದೇಶಗಳು ಸುಮಾರು 75 ಶೇಕಡಾ ಸಲ ಮಾತು ಉಳಿಸಿಕೊಂಡಿದ್ದವು. ಇತಿಹಾಸ ಬದಲಾಗಿರಲಿಲ್ಲ. ಓದಿದ ರೀತಿ ಬದಲಾಗಿತ್ತು. ಇದಕ್ಕೆ ಯಾವ ಗುಪ್ತ ಕಡತ ಬೇಕಾಯಿತು ಹೇಳಿ?

ಸಮವಸ್ತ್ರ ತೊಟ್ಟವರಿಗೆ ಮಾತ್ರ ಇದು ಅರ್ಥವಾಗುತ್ತದೆ ಅನ್ನುವ ಮಾತಿಗೂ ಹೀಗೇ ಉತ್ತರ ಕೊಡಬಹುದು. ಈ ಶಾಸ್ತ್ರ ಹುಟ್ಟಿದ್ದೇ ವಿಶ್ವವಿದ್ಯಾಲಯದಲ್ಲಿ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಮೊದಲ ಪ್ರಾಧ್ಯಾಪಕ ಪೀಠ ಶುರುವಾಯಿತು. ಯುದ್ಧದಲ್ಲಿ ಸತ್ತ ಆ ಕಾಲೇಜಿನ ವಿದ್ಯಾರ್ಥಿಗಳ ನೆನಪಿಗೆ. ಮೈತ್ರಿಕೂಟದಲ್ಲಿ ದೊಡ್ಡ ದೇಶ ಯಾಕೆ ಯಾವಾಗಲೂ ಜಾಸ್ತಿ ಹೊರೆ ಹೊರುತ್ತದೆ ಅನ್ನುವುದನ್ನು 1966ರಲ್ಲಿ ವಿವರಿಸಿದವರು ಮ್ಯಾನ್ಕುರ್ ಓಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್, ಇಬ್ಬರೂ ಅರ್ಥಶಾಸ್ತ್ರದವರು. ರಕ್ಷಣೆ ಎಲ್ಲರಿಗೂ ಸಿಗುವಂತಿದ್ದರೆ ಚಿಕ್ಕವರಿಗೆ ತಮ್ಮ ಪಾಲು ಕೊಡುವ ಆತುರ ಇರುವುದಿಲ್ಲ, ಇಷ್ಟೇ ಅವರ ವಾದದ ತಿರುಳು. 2014ರಲ್ಲಿ ನ್ಯಾಟೋ ದೇಶಗಳು ಜಿಡಿಪಿಯ 2 ಶೇಕಡಾ ರಕ್ಷಣೆಗೆ ಇಡೋಣ ಅಂತ ಮಾತಾಡಿಕೊಂಡಾಗಲೂ, ಆಮೇಲಿನ ಎಲ್ಲ ಜಗಳದಲ್ಲೂ ಅದೇ ವಾದ ಕೇಳಿಸುತ್ತದೆ.

ಹಾಗಂತ ಸೇನೆಯ ಅನುಭವಕ್ಕೆ ಬೆಲೆ ಇಲ್ಲ ಅಂತಲ್ಲ. ನಿಮಗೆ ಗೊತ್ತಿಲ್ಲದ್ದು ತುಂಬಾ ಇರುತ್ತದೆ. ಕೇಳಿ ಕಲಿಯಬೇಕು, ನಾಚಿಕೆ ಪಡಬಾರದು. ನನ್ನ ಮೊದಲ ಸಂದರ್ಶನದಲ್ಲಿ ಒಬ್ಬ ನಿವೃತ್ತ ನೌಕಾ ಅಧಿಕಾರಿಯ ಮುಂದೆ ಕೂತು ‘ಕಾರ್ಯತಂತ್ರ’, ‘ಶಕ್ತಿ ಸಮತೋಲನ’ ಅಂತ ದೊಡ್ಡ ದೊಡ್ಡ ಪ್ರಶ್ನೆ ಕೇಳಿದೆ. ಅವರು ಹತ್ತು ನಿಮಿಷದಲ್ಲಿ ನನ್ನನ್ನು ಎಬ್ಬಿಸಿ ಕಳಿಸುವುದರಲ್ಲಿದ್ದರು. ಏಳುವಾಗ ಸುಮ್ನೆ ಕೇಳಿದೆ, ‘ಬೇರೆ ದೇಶದ ಹಡಗಿನಿಂದ ಸಮುದ್ರದ ಮಧ್ಯೆ ಎಣ್ಣೆ ತುಂಬಿಸಿಕೊಳ್ಳುವಾಗ ಅವರ ಪೈಪು ನಿಮ್ಮದಕ್ಕೆ ಕೂರುತ್ತಾ ಸರ್?’ ಅವರು ಮತ್ತೆ ಕೂತರು. ಎರಡು ಗಂಟೆ ಮಾತಾಡಿದರು. ಪೈಪಿನ ಬಾಯಿ, ಭಾಷೆಯ ತೊಡಕು, ಬಿಲ್ಲಿಗಾಗಿ ಆದ ಕಿತ್ತಾಟ, ಎಲ್ಲ. ನನ್ನ ಥೀಸಿಸ್ಸಿನ ಅರ್ಧ ದಿಕ್ಕು ಅವತ್ತು ಬದಲಾಯಿತು.

ಈಗ ಗುಟ್ಟಿನ ಇನ್ನೊಂದು ಮುಖ. ಇದನ್ನು ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಬಹಿರಂಗ ಮಾಹಿತಿ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ನಾರ್ವೆಯಲ್ಲಿ 1970ರ ದಶಕದ ಕೊನೆಗೆ ನಿಲ್ಸ್ ಪೆಟರ್ ಗ್ಲೆಡಿಟ್ಶ್ ಮತ್ತು ಓವೆನ್ ವಿಲ್ಕ್ಸ್ ಎಂಬ ಇಬ್ಬರು ಶಾಂತಿ ಸಂಶೋಧಕರು, ಅಲ್ಲಿದ್ದ ಗುಪ್ತಚರ ಕೇಂದ್ರಗಳ ಬಗ್ಗೆ ಬರೆದರು. ಅವರ ಆಧಾರ ಟೆಲಿಫೋನ್ ಡೈರೆಕ್ಟರಿಯಂಥ ಬಹಿರಂಗ ಪುಸ್ತಕಗಳು, ರಸ್ತೆಯಿಂದ ಕಾಣುವ ಆ್ಯಂಟೆನಾಗಳು. ಬಿಡಿಬಿಡಿಯಾಗಿ ಯಾವುದೂ ಗುಟ್ಟಲ್ಲ. ಒಟ್ಟಿಗೆ ಜೋಡಿಸಿದಾಗ ಗುಟ್ಟಾಯಿತು ಅಂತ ಸರ್ಕಾರ ವಾದಿಸಿತು. ಇಬ್ಬರಿಗೂ ಶಿಕ್ಷೆ ಆಯಿತು. ಜೈಲಿಗೆ ಹೋಗಬೇಕಾಗಲಿಲ್ಲ, ಅಮಾನತಿನಲ್ಲಿಟ್ಟ ಶಿಕ್ಷೆ ಮತ್ತು ದಂಡ. ಅದೇ ಗ್ಲೆಡಿಟ್ಶ್ ಮುಂದೆ ಕಾಲು ಶತಮಾನಕ್ಕೂ ಮೀರಿ ಶಾಂತಿ ಸಂಶೋಧನೆಯ ಒಂದು ದೊಡ್ಡ ಜರ್ನಲ್‌ನ ಸಂಪಾದಕರಾಗಿದ್ದರು. ಅದು ನಾರ್ವೆ, ಆದ್ದರಿಂದ ಅಷ್ಟಕ್ಕೇ ಮುಗಿಯಿತು. 2018ರಲ್ಲಿ ಬ್ರಿಟನ್ನಿನ ಒಬ್ಬ ಪಿಎಚ್.ಡಿ. ವಿದ್ಯಾರ್ಥಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಭದ್ರತಾ ನೀತಿಯ ಬಗ್ಗೆ ಕೇಳಿ ತಿಳಿಯಲು ಹೋದವರು ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾದರು. ಬೇಹುಗಾರಿಕೆ ಆರೋಪ, ತಿಂಗಳುಗಟ್ಟಲೆ ಒಂಟಿ ಸೆರೆ, ನವೆಂಬರಿನಲ್ಲಿ ಜೀವಾವಧಿ ಶಿಕ್ಷೆ. ಕೆಲವೇ ದಿನಗಳಲ್ಲಿ ಕ್ಷಮಾದಾನ ಸಿಕ್ಕಿತು, ಮನೆಗೆ ಬಂದರು. ಆದರೆ ಆ ತಿಂಗಳುಗಳನ್ನು ಯಾರು ವಾಪಸ್ ಕೊಡುತ್ತಾರೆ?

ಅದಕ್ಕೆ ನಾನು ವಿದ್ಯಾರ್ಥಿಗಳಿಗೆ ಹೇಳುವ ಕೆಲವು ಮಾತುಗಳಿವೆ. ಎಲ್ಲಿದೆ, ಎಷ್ಟಿದೆ, ಯಾವಾಗ ಹೊರಡುತ್ತದೆ ಅನ್ನುವ ಪ್ರಶ್ನೆಗಳು ಬೇಹುಗಾರರವು. ಯಾಕೆ ಹೀಗಾಯಿತು, ಹೇಗೆ ತೀರ್ಮಾನವಾಯಿತು ಅನ್ನುವುದು ಸಂಶೋಧಕರದು. ನೆಲೆಯ ಫೋಟೋ, ಜಿಪಿಎಸ್ ಗುರುತು, ತುಕಡಿಯ ಸಂಖ್ಯೆ ನಿಮ್ಮ ವಾದಕ್ಕೆ ಬೇಕಾಗಿಯೇ ಇಲ್ಲ ಅಂದರೆ ಅವು ನಿಮ್ಮ ಲ್ಯಾಪ್‌ಟಾಪಿನಲ್ಲೂ ಇರಬಾರದು. ಯಾರಾದರೂ ‘ನೋಡಿ, ಇದು ಗೌಪ್ಯ, ನಿಮಗೆ ಮಾತ್ರ’ ಅಂತ ಕಾಗದ ಚಾಚಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಿ. ಅದನ್ನು ಉಲ್ಲೇಖಿಸಲು ಆಗುವುದಿಲ್ಲ, ಇಟ್ಟುಕೊಂಡರೆ ಅಪರಾಧ. ಅದರಿಂದ ನಿಮಗೆ ಏನು ಲಾಭ? ಸಂದರ್ಶನಕ್ಕೆ ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಲಿಖಿತವಾಗಿ ಇರಲಿ. ಬೇರೆ ದೇಶಕ್ಕೆ ಹೋಗುವುದಾದರೆ ಅಲ್ಲಿನ ಕಾನೂನು ಗೊತ್ತಿರುವವರನ್ನು ಮೊದಲೇ ಕೇಳಿ. ಹೆಸರು ಬೇಡ ಅಂದವರ ಹೆಸರನ್ನು ಟಿಪ್ಪಣಿ ಪುಸ್ತಕದಲ್ಲೂ ಬರೆದಿಡಬೇಡಿ. ಲಂಡನ್ನಿನ ಚಾಥಮ್ ಹೌಸ್ ಎಂಬ ಅಂತರರಾಷ್ಟ್ರೀಯ ವಿಷಯಗಳ ಸಂಶೋಧನಾ ಸಂಸ್ಥೆ 1927ರಲ್ಲಿ ಮಾಡಿಕೊಂಡ ಒಂದು ನಿಯಮ ಇದೆ. ಸಭೆಯಲ್ಲಿ ಕೇಳಿದ್ದನ್ನು ಬಳಸಬಹುದು, ಹೇಳಿದ್ದು ಯಾರು ಅನ್ನುವುದನ್ನು ಬಿಟ್ಟುಕೊಡಬಾರದು. ನಮ್ಮ ಕ್ಷೇತ್ರದ ಅರ್ಧ ಸಭೆಗಳು ನಡೆಯುವುದು ಅದರ ಮೇಲೆಯೇ. ಒಂದು ಸಲ ಮುರಿದರೆ ಮತ್ತೆ ಯಾರೂ ಕರೆಯುವುದಿಲ್ಲ.

ಎರಡನೇ ಭಯ, ವಿಷಯ ಹಳಸುವುದು. ಇದರಲ್ಲಿ ಸತ್ಯ ಇದೆ, ಆದರೆ ತಪ್ಪು ಪ್ರಶ್ನೆ ಇಟ್ಟುಕೊಂಡವರಿಗೆ ಮಾತ್ರ. 1989ರಲ್ಲಿ ವಾರ್ಸಾ ಒಪ್ಪಂದದ ಮೇಲೆ, ಅಂದರೆ ನ್ಯಾಟೋಗೆ ಎದುರಾಗಿ ಸೋವಿಯತ್ ಒಕ್ಕೂಟ ಕಟ್ಟಿದ್ದ ಪೂರ್ವ ಯುರೋಪಿನ ಸೇನಾ ಕೂಟದ ಮೇಲೆ, ಪಿಎಚ್.ಡಿ. ಶುರು ಮಾಡಿದವರನ್ನು ನೆನೆಸಿಕೊಳ್ಳಿ. 1991ರ ಜುಲೈಗೆ ಆ ಕೂಟವೇ ಇಲ್ಲ! ‘ವಾರ್ಸಾ ಕೂಟ ಮುಂದೇನು ಮಾಡುತ್ತದೆ’ ಅಂತ ಬರೆಯುತ್ತಿದ್ದವರ ಕಥೆ ಅಲ್ಲಿಗೆ ಮುಗಿಯಿತು. ‘ಒಲ್ಲದ ಮಿತ್ರರನ್ನು ಒಂದು ಕೂಟದಲ್ಲಿ ಹಿಡಿದಿಡುವುದು ಹೇಗೆ’ ಅಂತ ಕೇಳುತ್ತಿದ್ದವರಿಗೆ ಮಾತ್ರ ಹಬ್ಬ. ಕೂಟ ಸತ್ತ ಮೇಲೆ ಪೂರ್ವ ಯುರೋಪಿನ ಕಡತಗಳು ಬಾಯಿ ಬಿಟ್ಟವು. ಇನ್ನೊಂದು ಕಡೆ, ಶತ್ರುವೇ ಇಲ್ಲದ ಮೇಲೆ ನ್ಯಾಟೋ ಕೂಡ ಕರಗುತ್ತದೆ ಅಂತ ಕೆನೆತ್ ವಾಲ್ಟ್ಸ್‌ರಂಥ ಈ ಕ್ಷೇತ್ರದ ಹಿರಿಯ ವಿದ್ವಾಂಸರೇ ಅಂದುಕೊಂಡಿದ್ದರು. ಅದು ಕರಗಲಿಲ್ಲ. 1949ರಲ್ಲಿ 12 ದೇಶಗಳಿಂದ ಶುರುವಾದದ್ದು 2024ಕ್ಕೆ 32 ಆಯಿತು. ಯಾಕೆ ಕರಗಲಿಲ್ಲ ಅನ್ನುವುದೇ ಒಂದು ತಲೆಮಾರಿನ ಸಂಶೋಧಕರಿಗೆ ಕೆಲಸ ಕೊಟ್ಟಿತು. ಭವಿಷ್ಯ ತಪ್ಪಿದರೂ ಈ ಕ್ಷೇತ್ರದಲ್ಲಿ ಯಾರೂ ಹಾಳಾಗುವುದಿಲ್ಲ, ಬೇಕಾದರೆ ವಾಲ್ಟ್ಸ್‌ರ ಹೆಸರನ್ನೇ ನೋಡಿ.

ನೀವು ಸುದ್ದಿಯ ಹೆಸರನ್ನು ಪ್ರಶ್ನೆಯಾಗಿ ಮಾಡಿಕೊಳ್ಳಬೇಡಿ. ಮಲಬಾರ್ ಎಂಬ ನೌಕಾ ಸಮರಾಭ್ಯಾಸ ತೆಗೆದುಕೊಳ್ಳಿ. 1992ರಲ್ಲಿ ಭಾರತ ಮತ್ತು ಅಮೆರಿಕದ ನಡುವೆ ಶುರುವಾಯಿತು. 1998ರ ಅಣು ಪರೀಕ್ಷೆ ಆದ ಮೇಲೆ ನಿಂತಿತು. 2002ರಲ್ಲಿ ಮತ್ತೆ ಶುರು. 2007ರಲ್ಲಿ ಆಸ್ಟ್ರೇಲಿಯಾವೂ ಸೇರಿ ಐದು ದೇಶಗಳು ಬಂದವು, ಚೀನಾ ಆಕ್ಷೇಪ ಎತ್ತಿತು, ಮುಂದೆ ಮತ್ತೆ ಕಿರಿದಾಯಿತು. 2015ರಲ್ಲಿ ಜಪಾನ್ ಕಾಯಂ ಸದಸ್ಯ ಆಯಿತು. 2020ರಲ್ಲಿ ಆಸ್ಟ್ರೇಲಿಯಾ ವಾಪಸ್ ಬಂತು. ‘ಮಲಬಾರಿನ ಭವಿಷ್ಯ’ ಅಂತ ಬರೆದರೆ ಮುಂದಿನ ವರ್ಷಕ್ಕೆ ಹಳಸುತ್ತದೆ. ‘ಕೋಪದಲ್ಲಿ ನಿಲ್ಲಿಸಿದ ಸಮರಾಭ್ಯಾಸವನ್ನು ದೇಶಗಳು ಯಾಕೆ ಮತ್ತೆ ಶುರು ಮಾಡುತ್ತವೆ, ಕೆಲವನ್ನು ಯಾಕೆ ಮಾಡುವುದಿಲ್ಲ’ ಅಂತ ಕೇಳಿ, ಮಲಬಾರನ್ನು ಮೂರು ನಾಲ್ಕು ಉದಾಹರಣೆಗಳಲ್ಲಿ ಒಂದಾಗಿ ಇಟ್ಟುಕೊಂಡರೆ ಹತ್ತು ವರ್ಷ ನಿಲ್ಲುತ್ತದೆ. ಎರಡಕ್ಕೂ ಶ್ರಮ ಹೆಚ್ಚುಕಡಿಮೆ ಒಂದೇ.

ಮೂರನೆಯದು ದುಡ್ಡು. ಇದು ನಿಮ್ಮ ಪ್ರಶ್ನೆಗಳಲ್ಲೆಲ್ಲ ಗಟ್ಟಿಯಾದದ್ದು, ಮತ್ತು ಜನ ಕೇಳುವುದು ಕಮ್ಮಿ. ಸೇನೆಯ ದುಡ್ಡು ವಿಶ್ವವಿದ್ಯಾಲಯಕ್ಕೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಕಥೆಗಳಿವೆ. 1964ರಲ್ಲಿ ಅಮೆರಿಕದ ಭೂಸೇನೆ ‘ಪ್ರಾಜೆಕ್ಟ್ ಕ್ಯಾಮೆಲಾಟ್’ ಶುರು ಮಾಡಿತು. ಬೇರೆ ದೇಶಗಳಲ್ಲಿ ದಂಗೆ ಯಾಕೆ ಏಳುತ್ತದೆ ಅಂತ ಸಮಾಜವಿಜ್ಞಾನಿಗಳಿಂದ ತಿಳಿಯುವ ಯೋಜನೆ. ಅದರ ಹಿಂದೆ ಸೇನೆ ಇದೆ ಅಂತ 1965ರಲ್ಲಿ ಚಿಲಿಯಲ್ಲಿ ಬಯಲಾಯಿತು. ದೊಡ್ಡ ಗಲಾಟೆ ಆಗಿ ಜುಲೈನಲ್ಲಿ ಯೋಜನೆಯನ್ನೇ ಕೈಬಿಟ್ಟರು. ಆ ಯೋಜನೆಗೂ ತಮಗೂ ಸಂಬಂಧವೇ ಇಲ್ಲದ ಎಷ್ಟೋ ಸಂಶೋಧಕರನ್ನು ಲ್ಯಾಟಿನ್ ಅಮೆರಿಕದಲ್ಲಿ ಜನ ಅನುಮಾನದಿಂದ ನೋಡುವ ಹಾಗಾಯಿತು. 2007ರಿಂದ 2014ರವರೆಗೆ ಅಮೆರಿಕದ್ದೇ ಇನ್ನೊಂದು ಕಾರ್ಯಕ್ರಮ ನಡೆಯಿತು. ಇರಾಕ್, ಅಫ್ಘಾನಿಸ್ತಾನದಲ್ಲಿ ಸೇನಾ ತುಕಡಿಗಳ ಜೊತೆಯಲ್ಲೇ ಸಮಾಜವಿಜ್ಞಾನಿಗಳನ್ನು ಕಳಿಸುವುದು. ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವೇ ಅದನ್ನು ವಿರೋಧಿಸಿತು. ಮೂವರು ಸಮಾಜವಿಜ್ಞಾನಿಗಳು ಜೀವ ಕಳೆದುಕೊಂಡರು.

ಆದರೆ ಎಲ್ಲ ದುಡ್ಡೂ ಹೀಗಲ್ಲ. ಅದೇ ಅಮೆರಿಕದ ರಕ್ಷಣಾ ಇಲಾಖೆ 2008ರಲ್ಲಿ ಮಿನರ್ವಾ ಅನ್ನುವ ಅನುದಾನ ಶುರು ಮಾಡಿತು. ಗೌಪ್ಯವಲ್ಲದ ಸಂಶೋಧನೆಗೆ, ಹೊರಗೆ ಪ್ರಕಟಿಸಬಹುದಾದ್ದಕ್ಕೆ. ಅದರ ಬಗ್ಗೆಯೂ ಚರ್ಚೆ ಆಯಿತು, ಆದರೆ ಅದರಿಂದ ಒಳ್ಳೆಯ ಕೆಲಸಗಳೂ ಬಂದಿವೆ. ಹಾಗಾಗಿ ಯಾರ ದುಡ್ಡು ಅನ್ನುವುದಕ್ಕಿಂತ ಷರತ್ತು ಏನು ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಇದನ್ನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಸ್ಥೆಯಿಂದ ಚಿಕ್ಕ ಅನುದಾನ ತೆಗೆದುಕೊಂಡೆ. ಕರಾರಿನಲ್ಲಿ ‘ಪ್ರಕಟಣೆಗೆ ಮೊದಲು ಪರಿಶೀಲನೆ’ ಅಂತ ಒಂದು ಸಾಲು ಇತ್ತು. ಮಾಮೂಲಿ ಅಂದುಕೊಂಡು ಸಹಿ ಹಾಕಿದೆ. ಲೇಖನ ಅವರ ಮೇಜಿನ ಮೇಲೆ 14 ತಿಂಗಳು ಕೂತಿತು. ಯಾರೂ ಬೇಡ ಅನ್ನಲಿಲ್ಲ, ಯಾರೂ ಹೂಂ ಅನ್ನಲಿಲ್ಲ. ವಾಪಸ್ ಬಂದಾಗ ಒಂದು ಕೋಷ್ಟಕ ಮಾಯ. ಅಷ್ಟರಲ್ಲಿ ಬೇರೆಯವರು ಅದೇ ವಿಷಯ ಬರೆದು ಮುಗಿಸಿದ್ದರು. ತುತ್ತೂರಿ ಊದಿ ಅಂತ ಯಾರೂ ನನಗೆ ಹೇಳಲಿಲ್ಲ. ಹಾಗೆ ಯಾರೂ ಹೇಳುವುದಿಲ್ಲ. ತಡ ಮಾಡುತ್ತಾರೆ, ಅಷ್ಟೇ. ಅದಕ್ಕಿಂತ ಮೆಲ್ಲಗೆ ಆಗುವುದು ಇನ್ನೊಂದಿದೆ. ಮುಂದಿನ ಅನುದಾನದ ಆಸೆಗೆ ನಾವೇ ನಮ್ಮ ವಾಕ್ಯದ ಅಂಚು ತೇಯುತ್ತೇವೆ. ಕರಾರಿನಲ್ಲಿ ಪರಿಶೀಲನೆಗೆ ದಿನದ ಮಿತಿ ಇದೆಯಾ, ಅವರಿಗೆ ಬದಲಿಸುವ ಹಕ್ಕಿದೆಯಾ ಅಥವಾ ಬರೀ ಅಭಿಪ್ರಾಯ ಹೇಳುವ ಹಕ್ಕಾ, ದತ್ತಾಂಶ ಯಾರದು, ದುಡ್ಡಿನ ಮೂಲವನ್ನು ಲೇಖನದಲ್ಲಿ ಹೇಳಬಹುದಾ, ಇಷ್ಟನ್ನು ಕೇಳಿ. ಹೇಳಬಾರದು ಅಂದರೆ ಎದ್ದು ಬನ್ನಿ. ಪಿಎಚ್.ಡಿ. ಮಟ್ಟದಲ್ಲಿ ಮಾತ್ರ ವಿಶ್ವವಿದ್ಯಾಲಯದ್ದೇ ಫೆಲೋಶಿಪ್ ಸಿಕ್ಕರೆ ಮೊತ್ತ ಕಮ್ಮಿ ಆದರೂ ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಈ ವಿಷಯದ ಬಹುಪಾಲು ಕೆಲಸಕ್ಕೆ ಬೇಕಾದ್ದು ಸಮಯ, ಗ್ರಂಥಾಲಯ, ಒಂದೆರಡು ಪ್ರಯಾಣ. ‘ಸೇನೆಯ ದುಡ್ಡಿಲ್ಲದೆ ಸಂಶೋಧನೆಯೇ ಇಲ್ಲ’ ಅನ್ನುವುದು ಯಂತ್ರ ತಯಾರಿಸುವವರಿಗೆ ನಿಜ ಇರಬಹುದು, ನಮಗಲ್ಲ.

ಇನ್ನು ಕೆಲಸ. ಸಕ್ಕರೆ ಹಚ್ಚದೆ ಹೇಳುತ್ತೇನೆ. ವಿಶ್ವವಿದ್ಯಾಲಯಗಳಲ್ಲಿ ‘ಸೇನಾ ಸಹಕಾರ’ ಅಂತ ಹುದ್ದೆ ಕರೆಯುವುದು ತೀರಾ ಅಪರೂಪ. ಕರೆಯುವುದು ಅಂತರರಾಷ್ಟ್ರೀಯ ಸಂಬಂಧಗಳು ಅಂತ, ಬಂದವರೆಲ್ಲ ಅರ್ಜಿ ಹಾಕುತ್ತಾರೆ. ಪಿಎಚ್.ಡಿ. ಮುಗಿದ ಮೇಲೆ ಒಂದೆರಡು ವರ್ಷದ ತಾತ್ಕಾಲಿಕ ಹುದ್ದೆಗಳಲ್ಲಿ ಊರೂರು ಅಲೆಯುವುದು ಈಗ ಮಾಮೂಲಿ ಆಗಿದೆ. ನನ್ನ ಜೊತೆಗೆ ಓದಿದವರಲ್ಲಿ ನನಗಿಂತ ಜಾಣರಾದ ಇಬ್ಬರು ಅಲೆದು ಸಾಕಾಗಿ ಬಿಟ್ಟುಹೋದರು. ಕಾಯಂ ಹುದ್ದೆ ಸಿಕ್ಕರೆ ಏನು ಬೇಕಾದರೂ ಕೇಳುವ ಸ್ವಾತಂತ್ರ್ಯ ಸಿಗುತ್ತದೆ. ಸಿಗುವವರೆಗೆ ಅದರ ಖಾತ್ರಿ ಯಾರೂ ಕೊಡಲಾರರು.

ಥಿಂಕ್ ಟ್ಯಾಂಕ್, ಅಂದರೆ ಸರ್ಕಾರದ ನೀತಿಗಳ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆ, ಇನ್ನೊಂದು ದಾರಿ. ಅಲ್ಲಿ ಕೆಲಸ ಬೇಗ ಸಿಗಬಹುದು, ಬರೆದದ್ದನ್ನು ಮಂತ್ರಿಗಳ ಕಚೇರಿಯವರೂ ಓದುತ್ತಾರೆ, ಟಿವಿಯವರು ಕರೆಯುತ್ತಾರೆ. ಆದರೆ ವಿಷಯ ಆರಿಸುವವರು ನೀವಲ್ಲ. ಇವತ್ತು ಡ್ರೋನ್, ನಾಳೆ ಸೆಮಿಕಂಡಕ್ಟರ್. ಸಂಬಳ ಬರುವುದು ಯೋಜನೆಯಿಂದ, ಯೋಜನೆ ಮುಗಿದರೆ ಮಾತೂ ಮುಗಿಯಿತು. ರಕ್ಷಣಾ ಕಾಲೇಜುಗಳಲ್ಲಿ ನಾಗರಿಕ ಪ್ರಾಧ್ಯಾಪಕರನ್ನು ತೆಗೆದುಕೊಳ್ಳುತ್ತಾರೆ. ರೋಮಿನಲ್ಲಿರುವ ನ್ಯಾಟೋದ ರಕ್ಷಣಾ ಕಾಲೇಜಿಗೆ ಸಂಶೋಧನೆಗೆಂದೇ ಒಂದು ವಿಭಾಗ ಇದೆ. ಅಲ್ಲಿ ವಿದ್ಯಾರ್ಥಿಗಳೇ ಕರ್ನಲ್‌ಗಳು. ನೀವು ಕಲಿಸುವುದಕ್ಕಿಂತ ಕಲಿಯುವುದು ಜಾಸ್ತಿ. ಆದರೆ ಹೊರಗೆ ಬರೆಯುವಾಗ ಪ್ರತಿ ಸಲ ‘ಇದು ನನ್ನ ಸ್ವಂತ ಅಭಿಪ್ರಾಯ’ ಅಂತ ಅಡಿಗೆ ಹಾಕಿದರೂ ಓದುವವರು ಹಾಗೆ ಓದುವುದಿಲ್ಲ. ಸಂಸತ್ತಿನ ಸಂಶೋಧನಾ ವಿಭಾಗ, ವಿಶ್ವಸಂಸ್ಥೆಯ ಶಾಂತಿಪಾಲನಾ ವಿಭಾಗ, ಪತ್ರಿಕೋದ್ಯಮ, ಕಂಪನಿಗಳಿಗೆ ಅಪಾಯದ ಲೆಕ್ಕ ಹೇಳುವ ಸಂಸ್ಥೆಗಳು, ಇವೂ ಇವೆ. ಪಿಎಚ್.ಡಿ.ಯ ಎರಡನೇ ವರ್ಷದಲ್ಲೇ ಇವುಗಳಲ್ಲಿ ಒಂದನ್ನು ಎರಡನೇ ದಾರಿಯಾಗಿ ಇಟ್ಟುಕೊಳ್ಳಿ. ಕೊನೆಯ ವರ್ಷದಲ್ಲಿ ಹುಡುಕಲು ಹೊರಟವರು ಪಾಡು ಪಡುತ್ತಾರೆ.

ಈ ಎಲ್ಲ ದಾರಿಗೂ ಉಪಯೋಗಕ್ಕೆ ಬರುವುದು ಎರಡು. ಒಂದು ಭಾಷೆ. ರಷ್ಯನ್, ಚೀನೀ, ಜಪಾನೀ, ಅರೇಬಿಕ್, ಫ್ರೆಂಚ್, ಯಾವುದಾದರೂ ಒಂದನ್ನು ಪತ್ರಿಕೆ ಓದುವ ಮಟ್ಟಕ್ಕೆ ಕಲಿತರೆ ನಿಮ್ಮ ಅರ್ಜಿ ಬೇರೆ ರಾಶಿಗೆ ಹೋಗುತ್ತದೆ. ಇನ್ನೊಂದು ಅಂಕಿ ಅಂಶ. ಮೇಲೆ ಹೇಳಿದ 27 ಮತ್ತು 75ರ ಕಥೆಯನ್ನು ನೀವೇ ಕೂತು ಮತ್ತೆ ಲೆಕ್ಕ ಹಾಕಬಲ್ಲಷ್ಟು ಸಾಕು. ಇದನ್ನು ನಾನು ತಡವಾಗಿ ಕಲಿತೆ, ಈಗಲೂ ಕುಂಟುತ್ತೇನೆ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಹೆಸರು ಎಷ್ಟು ದೊಡ್ಡದು ಅಂತ ನೋಡುವ ಮೊದಲು ಅವರ ಕೈಕೆಳಗೆ ಓದಿದವರು ಈಗ ಎಲ್ಲಿದ್ದಾರೆ ಅಂತ ನೋಡಿ. ಒಬ್ಬರಿಗಾದರೂ ಫೋನ್ ಮಾಡಿ.

ಇಷ್ಟು ಓದಿದ ಮೇಲೂ ಆಸೆ ಉಳಿದಿದ್ದರೆ ಈ ತಿಂಗಳು ಒಂದು ಕೆಲಸ ಮಾಡಿ. ಎರಡು ದೇಶಗಳ ನಡುವಿನ ಒಂದೇ ಒಂದು ರಕ್ಷಣಾ ಸಹಕಾರ ಒಪ್ಪಂದವನ್ನು ವಿಶ್ವಸಂಸ್ಥೆಯ ಒಪ್ಪಂದ ಸಂಗ್ರಹದಿಂದ ತೆಗೆದು, ಮೊದಲಿನಿಂದ ಕೊನೆಯವರೆಗೆ ಓದಿ. ಅದರಲ್ಲಿ ಯಾವ ವಿಧಿ ವಿಚಿತ್ರ ಅನ್ನಿಸಿತು, ಯಾಕೆ ಅಲ್ಲಿ ಸೇರಿರಬಹುದು ಅಂತ ಎರಡು ಪುಟ ಬರೆಯಿರಿ. ಓದುವಾಗಲೇ ಬೇಜಾರಾಗಿ ಮುಚ್ಚಿಟ್ಟರೆ ಬೇರೆ ವಿಷಯ ನೋಡಿ, ಅದರಲ್ಲಿ ಅವಮಾನ ಇಲ್ಲ. ರಾತ್ರಿ ಊಟ ಮರೆತು ಕೂತಿದ್ದರೆ ಅರ್ಜಿ ಹಾಕಿ.

ಅಣ್ಣನ ವಿಷಯ. ನಿಮ್ಮ ಓದು ಅವರಿಗೆ ತೊಂದರೆ ಮಾಡುವುದಿಲ್ಲ, ಅವರ ಮಾತು ನಿಮ್ಮ ಓದಿಗೆ ಸೇರಿದರೆ ಮಾತ್ರ ಇಬ್ಬರಿಗೂ ತೊಂದರೆ. ಅವರು ರಜೆಗೆ ಬಂದಾಗ ಹೇಳಿದ್ದು ಎಷ್ಟೇ ಸಣ್ಣದಿರಲಿ, ಟಿಪ್ಪಣಿಗೆ ಬೇಡ. ‘ಹೆಸರು ಹೇಳಲು ಇಚ್ಛಿಸದ ಅಧಿಕಾರಿ’ ಅಂತ ನಿಮ್ಮ ಲೇಖನದಲ್ಲಿ ಯಾರೇ ಇದ್ದರೂ ಓದುವವರು ಮೊದಲು ಅನುಮಾನಿಸುವುದು ಅವರನ್ನೇ. ಆದ್ದರಿಂದ ಅವರಿರುವ ದಳವನ್ನು, ಅವರು ಭಾಗವಹಿಸಿದ ಸಮರಾಭ್ಯಾಸವನ್ನು ಥೀಸಿಸ್ಸಿನ ಉದಾಹರಣೆಯಾಗಿ ತೆಗೆದುಕೊಳ್ಳಬೇಡಿ. ಮಾರ್ಗದರ್ಶಕರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ನೀವು ಬೇರೆ ದೇಶದವರನ್ನು ಸಂದರ್ಶನ ಮಾಡಬೇಕಾದ ಹೊತ್ತು ಬಂದರೆ, ಅದನ್ನು ತಮ್ಮ ಕಚೇರಿಗೆ ತಿಳಿಸಬೇಕಾ ಅನ್ನುವುದನ್ನು ಅಣ್ಣನೇ ವಿಚಾರಿಸಲಿ. ಅವರ ನಿಯಮ ಅವರಿಗೆ ಗೊತ್ತು. ಅರ್ಜಿ ಹಾಕುವ ಮೊದಲು ಒಂದು ಸಲ ಅವರ ಜೊತೆ ಕೂತು ಇಷ್ಟನ್ನು ಮಾತಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ.